ಸೋಪಿನ ಮಾತು ವಾಪಸ್ ಪಡೆಯುವ ಗಂಗಾಂಬಿಕಾ

ನಾರಾಯಣಪೇಟೆಯ ನೇಕಾರರ ಓಣಿಯಲ್ಲಿ ಆಗಷ್ಟೇ ಬೆಳಕು ಹರಿಯುತ್ತಿದೆ. ಮಗ್ಗಗಳಿನ್ನೂ ಸದ್ದು ಮಾಡಿಲ್ಲ. ಕಟ್ಟೆಯ ಮೇಲೆ ಕೂತ ಮುದುಕ ಯಲ್ಲಯ್ಯನ ಹಿಮ್ಮಡಿಯನ್ನು ಗಂಗಾಂಬಿಕಾ ತಮ್ಮ ತೊಡೆಯ ಮೇಲಿಟ್ಟುಕೊಂಡು ನೋಡುತ್ತಿದ್ದಾರೆ. ಗಾಯದ ಮೇಲೆ ಒಣಗಿದ ಸೋಪಿನ ಬಿಳಿ ಪದರ, ಅದರಡಿ ಹಸಿರು ಕೀವು.

"ಹಿಂಗ ಸೋಪ್ ಹಚ್ರಿ ಅಂತ ಯಾರು ಹೇಳ್ಯಾರ?"

"ತಿರುಪತಮ್ಮ ಹೇಳಿದ್ಳು. ನಿಮ್ಮ ಮಾತಂತಲ್ರಿ ಅದು!"

ಗಂಗಾಂಬಿಕಾ ಮುಖ ಸಣ್ಣದಾಗುತ್ತದೆ. ಗಾಯ ತೊಳೆದು, ಪಟ್ಟಿ ಕಟ್ಟಿ, ಇವತ್ತೇ ಡಾಕ್ಟರಿಗೆ ತೋರಿಸಬೇಕೆಂದು ಆಣೆ ಮಾಡಿಸಿಕೊಂಡೇ ಮೇಲೇಳುತ್ತಾರೆ.

ಊರಿನ ಒಂದು ಚಿಕ್ಕ ಖಾಸಗಿ ದವಾಖಾನೆಯಲ್ಲಿ ಗಾಯಗಳಿಗೆ ಪಟ್ಟಿ ಕಟ್ಟುವುದು ಅವರ ಕೆಲಸ. ಇಪ್ಪತ್ತೇಳು ವರ್ಷವಾಯಿತು. ಕೋಸಗಿಯಿಂದ, ಮಕ್ತಲ್‌ನಿಂದ ಬಸ್ಸು ಹತ್ತಿ ಬರುವವರೂ ಸೇರಿ ದಿನಕ್ಕೆ ಮೂವತ್ತು ಗಾಯಗಳು. ಬೋರ್ಡಿನ ಮೇಲಿರುವುದು ಡಾಕ್ಟರ ಹೆಸರು. ಓಣಿಯಲ್ಲಿ ನಡೆಯುವುದು ಮಾತ್ರ ಗಂಗಾಂಬಿಕಾ ಮಾತು, ಏಕೆಂದರೆ ಅವರ ಕೈಗುಣ ಒಳ್ಳೆಯದು ಎಂದು ಎಲ್ಲರಿಗೂ ಗೊತ್ತು. ಎಡವಟ್ಟಾಗಿದ್ದೂ ಅಲ್ಲೇ.

ಆಂಟಿಸೆಪ್ಟಿಕ್ ಸೋಪಿನ ನೊರೆ ಹಚ್ಚಿ, ತೊಳೆಯದೆ ಹಾಗೇ ಒಣಗಲು ಬಿಡಿ ಎಂದು ವರ್ಷಗಟ್ಟಲೆ ಅವರು ಕಂಡಕಂಡವರಿಗೆಲ್ಲ ಹೇಳಿದ್ದಾರೆ. ಯಾರೂ ಕಲಿಸಿದ್ದಲ್ಲ. "ಕೈಯಾಗಿನ ಹುಳ ಸಾಯ್ತಾವಂದ್ರ ಗಾಯದಾಗಿನವೂ ಸಾಯ್ತಾವ ಅಂತ ತಿಳಕೊಂಡಿದ್ದೆರಿ," ಎನ್ನುತ್ತಾರೆ.

ಹೋದ ವರ್ಷ ಇದೇ ಓಣಿಯಲ್ಲಿ ನೇಯುವ ತಿರುಪತಮ್ಮನ ಕಾಲಿಗೆ, ಮಗ್ಗದಡಿಯ ಕುಣಿಯಲ್ಲಿ ತುಳಿಯುವ ಹಲಗೆಯ ಸಿಬಿರು ಚುಚ್ಚಿತು. ಸಕ್ಕರೆ ಕಾಯಿಲೆಯ ಹೆಂಗಸು. ಹದಿನೈದು ದಿನ ನೊರೆ ಹಚ್ಚುತ್ತ ಮನೆಯಲ್ಲೇ ಉಳಿದಳು. ಕೊನೆಗೆ ಗದ್ವಾಲಕ್ಕೆ ಕರೆದೊಯ್ದು ಹೆಬ್ಬೆರಳು ತೆಗೆಸಬೇಕಾಯಿತು.

ಆಮೇಲೆ ದವಾಖಾನೆಯ ಲ್ಯಾಬಿನ ಹುಡುಗಿ ಪ್ರಶಾಂತಿ, ಸೋಪಿನ ಮೇಲೆ ಅನುಮಾನ ಬಂದು, ಗಾಯಗಳಿಂದ ತೆಗೆದ ಕೀವನ್ನು ಗಾಜಿನ ತಟ್ಟೆಗಳಲ್ಲಿ ಬೆಳೆಸಿ, ನಾಲ್ಕು ತರಹದ ಸೋಪಿನ ನೀರನ್ನು ಹನಿಸಿದಳು. ಹುಳ ಸತ್ತರೆ ಹನಿಯ ಸುತ್ತ ಬಳೆಯಂತೆ ದುಂಡಗೆ ಖಾಲಿ ಜಾಗ ಕಾಣಬೇಕು. ಕೆಲವು ತಟ್ಟೆಗಳಲ್ಲಿ ಕಂಡಿತು. ಹಸಿರು ಕೀವಿನ ತಟ್ಟೆಯಲ್ಲಿ ನಾಲ್ಕೂ ಸೋಪು ಸೋತಿದ್ದವು. "ಕೈ ತೊಳ್ಯಾಕ ಸೋಪ್ ಬೇಕೇಬೇಕು ಆಂಟಿ. ಕೀವಿನ ಗಾಯಕ್ಕ ಅದು ಔಷಧ ಅಲ್ಲ," ಎಂದಳು ಪ್ರಶಾಂತಿ.

ಅಂದಿನಿಂದ ಡ್ಯೂಟಿಗೆ ಮೊದಲು ಮನೆಮನೆಗೆ ಹೋಗಿ, ಹೇಳಿದ್ದು ತಪ್ಪು ಎಂದು ಹೇಳಿ ಬರುತ್ತಾರೆ. ಬೇಕೆಂದೇ ಹೋಗದೆ ಬಿಟ್ಟದ್ದು ಒಂದೇ ಮನೆ, ತಿರುಪತಮ್ಮನದು. ಕಾಲು ಉಳಿದದ್ದೇ ಗಂಗಕ್ಕನ ಸೋಪಿನಿಂದ ಎಂದು ಆಕೆ ಊರೆಲ್ಲ ಹೊಗಳುತ್ತಾಳೆ. ಆ ಹೊಗಳಿಕೆ ಕೇಳಿ ಕೇಳಿ ಗಂಗಾಂಬಿಕಾ ಆ ಬಾಗಿಲು ತಪ್ಪಿಸಿ ನಡೆಯುತ್ತಿದ್ದರು. ಇವತ್ತು ಯಲ್ಲಯ್ಯನ ಹಿಮ್ಮಡಿ ನೋಡಿದ ಮೇಲೆ ತಡೆಯಲಾಗುವುದಿಲ್ಲ.

ತಿರುಪತಮ್ಮ ಕುಣಿಯಲ್ಲಿ ಕಾಲಿಳಿಬಿಟ್ಟು ಕೂತಿದ್ದಾಳೆ. ಗಂಗಾಂಬಿಕಾ ಬಾಗಿಲಲ್ಲೇ ನಿಂತು ಎಲ್ಲ ಹೇಳಿಬಿಡುತ್ತಾರೆ. ಲಾಳಿ ನಿಲ್ಲುತ್ತದೆ.

"ಮತ್ತ ಆ ಹದಿನೈದು ದಿನ ನಾ ಸುಮ್ಮನ ಕೂತೆನೇನಕ್ಕಾ?"

"ಹೌದವ್ವಾ. ನನ್ನ ಮಾತು ಕೇಳಿ ಕೂತಿ."

ತಿರುಪತಮ್ಮ ಕುಣಿಯಿಂದ ಕಾಲು ಮೇಲೆಳೆದುಕೊಳ್ಳುತ್ತಾಳೆ. ಕಣ್ಣು ತುಂಬಿದೆ. ಬೈಯುವುದಿಲ್ಲ.

"ಪೋನೀ ಅಕ್ಕಾ, ಹೋಗ್ಲಿ. ನಾಳಿಂದ ನನ್ನೂ ಕರಕೊಂಡು ಹೋಗು. ನಿನ್ನ ಬಾಯಿಮಾತು ನಂಬದವರಿಗೆ ನಾ ಕಾಲು ತೋರಿಸ್ತೀನಿ."

ಓಣಿಗೆ ಬಂದು ಗಂಗಾಂಬಿಕಾ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾರೆ. "ಬೈದಿದ್ರ ಹಗುರಾಗ್ತಿತ್ತರಿ," ಎನ್ನುತ್ತಾರೆ. "ನನಗ ಬ್ಯಾರೆ ಆಸೆ ಏನಿಲ್ಲ. ಗಂಗಕ್ಕ ಹೇಳ್ಯಾಳಂತ ಇನ್ನ ಮ್ಯಾಲ ಯಾರೂ ಗಾಯ ಇಟ್ಕೊಂಡು ಮನ್ಯಾಗ ಕೂಡಬಾರ್ದು, ಅಷ್ಟೇರಿ."