ಅಕ್ಕನ ಕೈಗೊಂದು ಸೋಪು

ಬ್ಯಾಡಗಿಯ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ನನ್ನ ಅಕ್ಕನ ಕೈ ಚಳಿಗಾಲದಲ್ಲಿ ಒಣಗಿ ಬಿರಿಯುತ್ತದೆ. ಅಂಗಡಿಯ ಸೋಪು ಹಚ್ಚಿದರೆ ಚರ್ಮ ಇನ್ನಷ್ಟು ಬಿಗಿಯುತ್ತದೆ. ಅದಕ್ಕೇ, ಕರಗಿಸಿ ಅಚ್ಚಿಗೆ ಹೊಯ್ಯುವ ಸೋಪ್ ಬೇಸ್ ತರಲು ರಾಣೆಬೆನ್ನೂರಿಗೆ ಹೋದೆ. ಗಾಜಿನಂಥ ಗ್ಲಿಸರಿನ್ ಬೇಸ್ ನೋಡಲು ಚೆಂದವಿತ್ತು. ಆದರೂ ಒಣ ಚರ್ಮಕ್ಕೆಂದು ಶಿಯಾ ಎಂಬ ಕಾಯಿಯ ಬೆಣ್ಣೆ ಬೆರೆಸಿದ ಬಿಳಿ ಬೇಸನ್ನೇ ಆರಿಸಿದೆ. ಬಣ್ಣವನ್ನಾಗಲಿ ಪರಿಮಳವನ್ನಾಗಲಿ ಕೊಳ್ಳಲಿಲ್ಲ. ಮನೆಗೆ ಬಂದು, ಗೂಟದಲ್ಲಿದ್ದ ಬಟ್ಟೆಯಿಂದ ಪಾತ್ರೆ ಒರೆಸಿ, ಅದರಲ್ಲಿ ಅರ್ಧ ಬೇಸ್ ಕರಗಿಸಿ ಅಚ್ಚಿಗೆ ಹೊಯ್ದೆ.

ಮರುದಿನ ಸಂಜೆ ಅಕ್ಕ ಆ ಸೋಪಿನಿಂದ ಕೈ ತೊಳೆದಳು. ಬಿರುಕುಗಳೆಲ್ಲ ಕೆಂಪಾಗಿ ಉರಿದವು. ಕೈಯನ್ನು ಮಜ್ಜಿಗೆಯಲ್ಲಿ ಅದ್ದಿಕೊಂಡು ಕುಳಿತಳು. ನಾನು ಪಾತ್ರೆ ಒರೆಸಿದ ಗೂಟದ ಬಟ್ಟೆ ಅವಳು ಕೆಲಸದಲ್ಲಿ ಮೂಗಿಗೆ ಕಟ್ಟಿಕೊಳ್ಳುವುದೆಂದು, ಅದರ ತುಂಬ ಮೆಣಸಿನಕಾಯಿಯ ಧೂಳಿತ್ತೆಂದು ನನಗೆ ಆಗ ಹೊಳೆಯಿತು. ಖಾರದ ಘಾಟು ನಮ್ಮ ಮನೆಯಲ್ಲಿ ಯಾರ ಮೂಗಿಗೂ ತಿಳಿಯುವುದಿಲ್ಲ.

"ದಿನಾ ಮಾರ್ಕೆಟ್ನ್ಯಾಗ ಉರಿಸ್ಕೊಂಡ ಬರ್ತೇನಿ. ಮನ್ಯಾಗೂ ಖಾರಾನ ಹಚ್ತೀಯೇನವಾ?" ಎಂದಳು. ಸಿಟ್ಟಿರಲಿಲ್ಲ, ದಣಿವಿತ್ತು.

"ಬ್ಯಾರೆ ಮಾಡ್ತೇನಿ, ಅಕ್ಕಾ."

"ಮಾಡು. ಮೊದಲ ನಿನ್ನ ಮಾರಿಗೆ ಹಚ್ಕೋ."

ಉಳಿದ ಬೇಸನ್ನು ಹೊಸ ಪಾತ್ರೆಯಲ್ಲಿ ಕರಗಿಸಿದೆ. ಅದು ಗಟ್ಟಿಯಾದ ಮೇಲೆ ಅದರಿಂದಲೇ ಮುಖ ತೊಳೆದು, ಅವಳ ಎದುರು ಕುಳಿತು ಉರಿಗಾಗಿ ಕಾದೆ. ಉರಿಯಲಿಲ್ಲ. ಹೇಳಬೇಕೆಂದು ನೋಡಿದರೆ, ಅಕ್ಕ ಗೋಡೆಗೆ ಒರಗಿ ನಿದ್ದೆ ಹೋಗಿದ್ದಳು.