ಅರ್ಧ ಸುಣ್ಣದ ಗೋಡೆ

ಇದನ್ನು ಹೇಳಬೇಕೆಂದು ಎಷ್ಟೋ ಸಲ ಬಾಯಿ ತೆರೆದು ಮುಚ್ಚಿಕೊಂಡಿದ್ದೇನೆ. ಎಂಬತ್ತರ ದಶಕದಲ್ಲಿ ನಾನು ಚಿಂತಾಮಣಿಯಲ್ಲಿ ಮನೆಗಳಿಗೆ ಸುಣ್ಣ ಹೊಡೆಯುತ್ತಿದ್ದೆ. ನಮ್ಮ ಬೀದಿಯಲ್ಲಿ ಮಹಡಿಯಿದ್ದದ್ದು ಒಬ್ಬ ಹೆಂಗಸಿನ ಮನೆಗೆ ಮಾತ್ರ. ಏನು ಕೇಳಿದರೂ ಎಲೆಅಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ದಾಟಿಸಿದ ಮೇಲೆಯೇ ಅವರು ಉತ್ತರ ಕೊಡುತ್ತಿದ್ದರು.

ಒಬ್ಬ ಸಿನಿಮಾ ಹೀರೋ ನಮ್ಮೂರಿಗೆ ಬಂದು ಬೀದಿಯಲ್ಲಿ ಮೆರವಣಿಗೆ ಹೋಗುವವನಿದ್ದ. ಹೊಸದಾಗಿ ಮದುವೆಯಾಗಿದ್ದ ನನಗೆ, ಹೆಂಡತಿಗೆ ಅವನನ್ನು ಆ ಮಹಡಿಯಿಂದ ತೋರಿಸುವ ಆಸೆ. ಆ ಮನೆಯಮ್ಮನ ಮಗಳನ್ನು ನೋಡಲು ಅದರ ಮುಂದಿನ ವಾರ ಗಂಡಿನವರು ಬರುವವರಿದ್ದರು. ಮಹಡಿ ಕೊಟ್ಟರೆ ಮನೆಯ ಮುಂಭಾಗದ ಗೋಡೆಗೆ ನಾನು ಸುಣ್ಣ ಹೊಡೆಯುವುದೆಂದು ಮಾತಾಯಿತು.

ಇಡೀ ದಿನ ಇಬ್ಬರೂ ಮಹಡಿಯ ಮೇಲೆ ಬಿಸಿಲಲ್ಲಿ ನಿಂತೆವು. ಹೀರೋಗೆ ಜ್ವರ ಬಂದು ಮೆರವಣಿಗೆಯೇ ರದ್ದಾಯಿತು.

“ಹೀರೋನೇ ಬರ್ಲಿಲ್ಲ, ಇನ್ನೆಂಥಾ ಸುಣ್ಣಮ್ಮಾ? ಮಾತು ಅಲ್ಲಿಗೇ ಮುಗೀತು,” ಎಂದೆ.

“ಏಮಪ್ಪಾ, ನಾನು ಕೊಡ್ತೀನಿ ಅಂದಿದ್ದು ಮಹಡೀನಾ, ಹೀರೋನಾ?”

ನಾನು ಸುಣ್ಣ ಹೊಡೆಯಲು ಹೋಗಲಿಲ್ಲ. ಅವರೇ ಕೈಗೆಟುಕುವಷ್ಟು ಎತ್ತರಕ್ಕೆ ಹೊಡೆದರು. ಗೋಡೆ ಕೆಳಗೆ ಹಾಲಿನಂತೆ, ಮೇಲೆ ಹೊಗೆಗೂಡಿನಂತೆ ಕಾಣುತ್ತಿತ್ತು. ಗಂಡಿನ ತಂದೆ ಬಂದವರೇ ಕತ್ತೆತ್ತಿ ನೋಡುವುದನ್ನು ಎದುರು ಜಗಲಿಯಿಂದ ಕಂಡೆ.

“ಯಾಕಮ್ಮಾ, ಅರ್ಧಕ್ಕೇ ನಿಲ್ಸಿದ್ದೀರ?”

ಅವರು ದವಡೆ ಬದಲಿಸಿ ನನ್ನತ್ತ ಕೈ ತೋರಿಸಿದರು. “ಮೇಲಿಂದು ಹೀರೋ ಬಂದ್ಮೇಲಂತೆ, ಅಗೋ, ಆಯಪ್ಪ ಹೇಳ್ತಾನೆ.”

ಮಹಡಿಯ ಕತೆಯನ್ನು ಅವರು ಬಿಡಿಸಿ ಹೇಳಿದಾಗ ಗಂಡಿನವರೆಲ್ಲ ನಕ್ಕುಬಿಟ್ಟರು. ಆ ನಗುವಿನಲ್ಲೇ ಸಂಬಂಧ ಕುದುರಿತು. ಆಮೇಲೆ ನಾನು ಏಣಿ ಹೊತ್ತು ಹಾದುಹೋದಾಗಲೆಲ್ಲ, “ಏಮಪ್ಪಾ, ಹೀರೋ ಬಂದ್ನಾ?” ಎನ್ನುತ್ತಿದ್ದರು. ನಾನೂ ನಗುತ್ತಿದ್ದೆ, ತಪ್ಪಾಯಿತು ಎಂದು ಮಾತ್ರ ಹೇಳಲಿಲ್ಲ. ಈಗ ಹಾಗೆ ಕೇಳಲು ಅವರಿಲ್ಲ. ಹೀರೋ ಬರದಿದ್ದರೂ ನಾನು ಬರಬೇಕಿತ್ತು, ಮಹಡಿ ಮನೆಯಮ್ಮಾ.