ಉಣ್ಣೆಯಂಗಿಯ ಬಲತೋಳು

ದುರಗಮ್ಮ ಹೊಲಿದ ಕೌದಿ ಕೈಗೆ ಬಂದರೆ ಯಲಬುರ್ಗಾದ ಹೆಂಗಸರು ಮೊದಲು ಅದನ್ನು ಮಗುಚಿ ಹಾಕಿ ಹಿಂಬದಿ ನೋಡುತ್ತಿದ್ದರು. ಮುಂಬದಿಯಲ್ಲಿ ಹೊಲಿಗೆ ಹೇಗೆ ಸಾಲಾಗಿ ಕೂತಿದೆಯೋ ಹಿಂಬದಿಯಲ್ಲೂ ಹಾಗೆಯೇ ಕೂತಿರುತ್ತಿತ್ತು. ಗಂಟು ಎಲ್ಲಿದೆ ಎಂದು ಹುಡುಕಿದರೂ ಸಿಗುತ್ತಿರಲಿಲ್ಲ.

ಅವಳು ಕುಷ್ಟಗಿ ಕಡೆಯ ಒಂದು ಸಣ್ಣ ಹಳ್ಳಿಯಿಂದ ಮದುವೆಯಾಗಿ ಬಂದವಳು. ಗಂಡ ಹನುಮಂತಪ್ಪ ಬಂಡಿ ಹೂಡಿ ಸಂತೆಯಿಂದ ಸಂತೆಗೆ ಕಾಳುಕಡಿ ಸಾಗಿಸುತ್ತಿದ್ದ. ಹೆಣ್ಣುಮಕ್ಕಳು ಮದುವೆಯಾಗಿ ಹೋದ ಮೇಲೆ ದುರಗಮ್ಮನಿಗೆ ಮಧ್ಯಾಹ್ನಗಳೆಲ್ಲ ಖಾಲಿ. ಕಟ್ಟೆಯ ಮೇಲೆ ಕಾಲು ಚಾಚಿ ಕೂತು ಹಳೆಯ ಸೀರೆ, ಸವೆದ ಧೋತರ, ಅಂಗಿಯ ತುಂಡುಗಳನ್ನು ಒಂದರ ಮೇಲೊಂದು ಹರವಿ ಹೊಲಿಯುತ್ತಿದ್ದಳು. ಹಳೆ ಬಟ್ಟೆ ಮಾರುವ ನೂರಸಾಬ ಪಕ್ಕದ ಓಣಿಯವನು. ಗದಗಿನಿಂದ ಗಂಟು ಕಟ್ಟಿಕೊಂಡು ತಂದದ್ದರಲ್ಲಿ ಯಾರೂ ಕೊಳ್ಳದಷ್ಟು ಹರಿದುಹೋದ ಕೋಟು, ಷರಾಯಿಗಳನ್ನು ಅವಳ ಕಟ್ಟೆಯ ಮೇಲೆ ಎಸೆದು ಹೋಗುತ್ತಿದ್ದ. ದುರಗಮ್ಮ ಮೊದಲು ಅವುಗಳ ಗುಂಡಿ ಕತ್ತರಿಸಿ ಒಂದು ಗಡಿಗೆಯಲ್ಲಿ ಹಾಕಿಡುತ್ತಿದ್ದಳು. ಹಿತ್ತಾಳೆಯವು, ಎಲುಬಿನವು, ಕಪ್ಪು ಗಾಜಿನವು. ಕೂಸುಗಳ ಕೌದಿಯ ಮೂಲೆಗೆ ಅವನ್ನು ಹೂವಿನಂತೆ ಜೋಡಿಸಿ ಹೊಲಿಯುವುದು ಅವಳದೇ ಒಂದು ಹವ್ಯಾಸ.

ಬಟ್ಟೆಯ ವಿಷಯದಲ್ಲಿ ಅವಳಿಗೆ ಗೊಂದಲವೆಂಬುದೇ ಇರಲಿಲ್ಲ. ಎರಡನೆಯ ಮಹಾಯುದ್ಧ ಮುಗಿದ ವರ್ಷ ಆ ಗೊಂದಲವೂ ಬಂತು.

ನೂರಸಾಬನ ಮಗ ಟಿಪ್ಪುಸಾಬ ಸೈನ್ಯದ ಲಾರಿಗಳ ಜೊತೆ ಅಸ್ಸಾಮು, ಬರ್ಮಾ ಗಡಿಯ ಕಡೆ ಹೋಗಿದ್ದವನು ಆ ವರ್ಷ ತಿರುಗಿ ಬಂದ. ಬರುವಾಗ ಚಳಿಜ್ವರವನ್ನು ಮೈಯಲ್ಲೇ ತಂದಿದ್ದ. ದಿನ ಬಿಟ್ಟು ದಿನ ಮಧ್ಯಾಹ್ನದ ಬಿಸಿಲಲ್ಲೇ ಹಲ್ಲು ಕಟಕಟ ಕಡಿಯುತ್ತಿದ್ದ. ಗುಳಿಗೆ ಸುಲಭಕ್ಕೆ ಸಿಗುತ್ತಿರಲಿಲ್ಲ. ಅಲ್ಲಿಂದ ತಂದ ಒಂದು ಉಣ್ಣೆಯಂಗಿ ತೊಟ್ಟರೆ ಮಾತ್ರ ನಡುಕ ಸ್ವಲ್ಪ ತಗ್ಗುತ್ತಿತ್ತು. ಒಂದು ದಿನ ನೂರಸಾಬ ಆ ಅಂಗಿಯನ್ನು ಹಿಡಿದುಕೊಂಡು ಬಂದ.

“ತಂಗಿ, ಬಲಗಡೆ ಮೊಳಕೈ ಹತ್ರ ತೂತು ಬಿದ್ದೈತಿ ನೋಡು. ಯಾವುದೋ ಮುಳ್ಳಿಗೆ ಜಗ್ಗೈತಿ ಅಂತ. ಒಂದೀಟು ಕೈ ಆಡಿಸಿ ಕೊಡು. ನಾಳಿ ಜ್ವರದ ಪಾಳಿ.”

“ಅದೇನ ದೊಡ್ಡ ಕೆಲಸ ಅಣ್ಣಾ, ಇಟ್ಟು ಹೋಗು,” ಎಂದಳು ದುರಗಮ್ಮ.

ಅಂಗಿ ಒಣಹುಲ್ಲಿನ ಬಣ್ಣದ್ದು. ಮುಟ್ಟಿದರೆ ಕಂಬಳಿಯಷ್ಟು ಒರಟಲ್ಲ, ಜಗ್ಗಿದರೆ ಉದ್ದವಾಗುತ್ತಿತ್ತು, ಬಿಟ್ಟರೆ ಮೊದಲಿನಂತಾಗುತ್ತಿತ್ತು. ತೋಳಿಗೆ ಹೊಲಿಗೆಯೇ ಇರಲಿಲ್ಲ. ಅದನ್ನು ಎರಡು ಸಲ ತಿರುಗಿಸಿ ನೋಡಿ, ಇರಲಿ ಎಂದುಕೊಂಡು ತೂತಿನ ಕಡೆ ಬಂದಳು. ಅಲ್ಲೊಂದು ಎಳೆಯ ತುದಿ ಜೋತಿತ್ತು. ಜಾಳಾದ ಎಳೆಯನ್ನು ಗಟ್ಟಿ ಬಟ್ಟೆ ಸಿಗುವ ತನಕ ಎಳೆದು ತೆಗೆದು, ಆಮೇಲೆ ಸೂಜಿ ಹಾಕುವುದು ಅವಳ ರೂಢಿ. ಹಾಗೆಯೇ ಎಳೆದಳು.

ಎಳೆ ಬಂತು. ಬರುತ್ತಲೇ ಇತ್ತು. ಈಗ ನಿಲ್ಲುತ್ತದೆ, ಇನ್ನೊಂದು ಅಂಚಿಗೆ ಹೋಗಿ ನಿಲ್ಲಲೇಬೇಕು ಎಂದುಕೊಂಡು ಅವಳು ಎಳೆದಳು. ಬಟ್ಟೆ ಅಂದಮೇಲೆ ಎಳೆಗೆ ಒಂದು ಮೊದಲು, ಒಂದು ಕೊನೆ ಇರಲೇಬೇಕಲ್ಲ. ಇದು ತೋಳಿನ ಸುತ್ತ ಒಂದು ಸುತ್ತು ಹೋಯಿತು. ತೋಳಿನ ಕೆಳಗಿನ ಅರ್ಧ ಕಳಚಿ ಅವಳ ತೊಡೆಯ ಮೇಲೆ ಬಿತ್ತು.

ದುರಗಮ್ಮ ಎದ್ದು ನಿಂತಳು. ಮತ್ತೆ ಕೂತಳು. ತುಂಡಿನ ಬಾಯಿಯ ಸುತ್ತ ಸಣ್ಣ ಸಣ್ಣ ಕುಣಿಕೆಗಳು ಸಾಲಾಗಿ ನಿಂತಿದ್ದವು. ಎಳೆಯನ್ನು ಇನ್ನಷ್ಟು ಜಗ್ಗಿದರೆ ಒಳಗೆಲ್ಲೋ ಗಂಟು ಸಿಕ್ಕೀತೆಂದು ಜಗ್ಗಿದಳು. ಕುಣಿಕೆಗಳು ಒಂದೊಂದಾಗಿ ಮಾಯವಾದವು, ಕೆಳಗೆ ಹೊಸ ಸಾಲು ತೆರೆದುಕೊಂಡಿತು. ಹನುಮಂತಪ್ಪ ಎತ್ತು ಕಟ್ಟಿ ಒಳಗೆ ಬರುವ ಹೊತ್ತಿಗೆ ತೋಳಿನ ಮುಂಗೈ ಮಾತ್ರ ಉಳಿದಿತ್ತು. ಅವಳ ಮಡಿಲಲ್ಲಿ ಸುಕ್ಕುಸುಕ್ಕಾದ ಎಳೆಯ ರಾಶಿ.

“ಏನ ಮಾಡೀದಿ ಇದು?”

“ನಾ ಏನೂ ಮಾಡಿಲ್ರಿ. ಒಂದು ಎಳಿ ಜಗ್ಗಿದೆ, ತೋಳ ಹೋತು.”

“ತೋಳ ಹೋತು ಅಂದ್ರ? ಎಲ್ಲಿಗೆ ಹೋತು?”

“ಅದ ನನಗೂ ತಿಳೀವಲ್ದು,” ಎಂದು ಅವಳು ಅಳುವ ದನಿಯಲ್ಲಿ ಹೇಳಿದಳು.

ಮರುದಿನ ಬೆಳಿಗ್ಗೆ ಸೆರಗಿನಲ್ಲಿ ಎಲ್ಲವನ್ನೂ ಮುಚ್ಚಿಕೊಂಡು ಕಂಬಳಿ ನೇಯುವ ಮುದಿಯಪ್ಪನ ಮನೆಗೆ ಹೋದಳು. ಉಣ್ಣೆಯ ವಿಷಯ ಅವನಿಗೆ ಗೊತ್ತಿರದಿದ್ದರೆ ಊರಲ್ಲಿ ಇನ್ನಾರಿಗೆ ಗೊತ್ತು? ಮುದುಕ ಮಗ್ಗದ ಕುಣಿಯಿಂದ ಮೇಲೆ ಬಂದು, ಕೈಗೆ ಅಂಟಿದ್ದ ಹುಣಸೆಬೀಜದ ಗಂಜಿ ಒರೆಸಿಕೊಂಡು, ಅಂಗಿಯನ್ನು ಬಿಸಿಲಿಗೆ ಹಿಡಿದ. ಕಣ್ಣಿನ ಹತ್ತಿರ ತಂದ. ದೂರ ಒಯ್ದ.

“ಹಾಸು ಎಲ್ಲೈತಿ ಇದರಾಗ, ಉದ್ದಕ ಹೋಗೂ ಎಳಿ?”

“ನೀವ ಹೇಳಬೇಕು ಕಾಕಾ.”

“ಹಾಸು ಇಲ್ಲ. ಅಡ್ಡ ಹೋಗೂ ಹೊಕ್ಕೂ ಇಲ್ಲ. ಎಲ್ಲಾ ಒಂದ ಎಳಿ. ಒಂದ ಎಳಿ ತನ್ನೊಳಗ ತಾನ ಹೊಕ್ಕೊಂಡು ಅರಿವಿ ಹೆಂಗ ಆದೀತವಾ?” ಅವನ ದನಿಯಲ್ಲಿ ಸಿಟ್ಟೂ ಇತ್ತು. “ಯಂತ್ರದಾಗ ಮಾಡ್ಯಾರ. ಮನಷ್ಯಾರ ಕೈದಲ್ಲ ಬಿಡು.”

“ಮತ್ತ ಈಗ ಏನ ಮಾಡ್ಲಿ?”

ಮುದಿಯಪ್ಪ ಅಂಗಿಯನ್ನು ಅವಳಿಗೆ ತಿರುಗಿ ಕೊಟ್ಟ. ಆಮೇಲೆ ಒಳಗಿನಿಂದ ಕರಿ ಉಣ್ಣೆಯ ಒಂದು ಉಂಡೆ ತಂದು ಅವಳ ಕೈಗಿಟ್ಟ. ಅದರಿಂದ ಏನು ಮಾಡಬೇಕೆಂದು ಅವನಿಗೂ ಗೊತ್ತಿರಲಿಲ್ಲ.

ಮಧ್ಯಾಹ್ನ ನೂರಸಾಬ ಬಂದಾಗ ದುರಗಮ್ಮನಿಗೆ ಸುಳ್ಳು ಹೇಳಬೇಕೆಂದು ಮನಸ್ಸಿರಲಿಲ್ಲ, ನಿಜ ಹೇಗೆ ಹೇಳಬೇಕೆಂದೂ ತಿಳಿಯಲಿಲ್ಲ. “ಇನ್ನೂ ಆಗಿಲ್ಲಣ್ಣಾ,” ಎಂದಳು. ತನ್ನ ಮನೆಯ ಅತಿ ದಪ್ಪ ಕೌದಿಯನ್ನು ತಾನೇ ಹೊತ್ತುಕೊಂಡು ಅವನ ಹಿಂದೆ ಹೋದಳು. ಟಿಪ್ಪುಸಾಬ ಹಗ್ಗದ ಹೊರಸಿನ ಮೇಲೆ ಮುದುಡಿ ಬಿದ್ದಿದ್ದ. ಹೊರಸೇ ಅಲುಗುತ್ತಿತ್ತು. ಕೌದಿ ಹೊದಿಸಿದರೂ ಅವನ ಕೈ ಪದೇ ಪದೇ ಬಲ ತೋಳನ್ನು ಉಜ್ಜಿಕೊಳ್ಳುತ್ತಿತ್ತು.

“ಅಂಗಿ ಎಲ್ಲಿ ಅತ್ತಿ?” ಎಂದು ಕೇಳಿದ.

“ಕೊಡ್ತೀನಪ್ಪಾ, ಕೊಡ್ತೀನಿ.”

ಮನೆಗೆ ಬಂದವಳಿಗೆ ಅಡಿಗೆ ಮಾಡಲೂ ಕೈ ಬರಲಿಲ್ಲ. ಹನುಮಂತಪ್ಪನೇ ಒಲೆ ಹಚ್ಚಿದ.

ಮುಂದಿನ ದಿನಗಳಲ್ಲಿ ಅವಳು ಮಾಡಿದ್ದು ಒಂದೇ ಕೆಲಸ. ಉಳಿದ ಮುಂಗೈ ತುಂಡನ್ನು ಮೊಣಕಾಲ ಮೇಲಿಟ್ಟುಕೊಂಡು, ಎಳೆಯನ್ನು ಇರುವೆ ನಡೆದಷ್ಟು ನಿಧಾನ ಜಗ್ಗುವುದು. ಜಗ್ಗಿದರೆ ಮೇಲಿನ ಕುಣಿಕೆ ಕೆಳಗಿನದರ ಹೊಟ್ಟೆಯೊಳಗಿಂದ ಜಾರಿ ಹೋಗುತ್ತಿತ್ತು. ಹಾಗೆ ಜಾರಿದ ಒಂದನ್ನು ದಬ್ಬಣದ ಹಿಂಬದಿಯಿಂದ ತಿರುಗಿ ಒಳಗೆ ತೂರಿಸಿದಳು. ಕೂತಿತು. ಅವಳು ಗಂಡನನ್ನು ಕೂಗಿ ಕರೆದು ತೋರಿಸಿದಳು. ತೋರಿಸುವಾಗಲೇ ಅದು ಮತ್ತೆ ಜಾರಿತು.

ಒಂದನ್ನು ಕೂರಿಸಿದರೆ ಪಕ್ಕದ್ದು ಓಡುತ್ತಿತ್ತು. ಕುಣಿಕೆಗಳನ್ನು ಹಿಡಿದು ನಿಲ್ಲಿಸಲು ಏನಾದರೂ ಬೇಕಿತ್ತು. ಕಸಬಾರಿಗೆಯ ಕಡ್ಡಿ ಇಟ್ಟು ನೋಡಿದಳು, ಮುರಿಯಿತು. ಬೇರೆ ಏನೂ ತೋಚದೆ ಉಳಿದ ಮುಂಗೈಯನ್ನೂ ಬಿಚ್ಚಿ, ಆ ಎಳೆಯ ಕುಣಿಕೆಗಳನ್ನು ತನ್ನ ಎಡಗೈಯ ಬೆರಳುಗಳಿಗೇ ತೊಡಿಸಿದಳು. ಎಳೆಯನ್ನು ಬೆರಳುಗಳ ಮೇಲಿನಿಂದ ಹಾಯಿಸಿ, ಕೆಳಗಿದ್ದ ಕುಣಿಕೆಯನ್ನು ಅದರ ಮೇಲಿಂದ ಎತ್ತಿ ಬೆರಳಿನ ಹಿಂದಕ್ಕೆ ದಾಟಿಸಿದಳು. ಮುಂದಿನ ಬೆರಳು. ಅದರ ಮುಂದಿನದು. ಬೆರಳುಗಳ ಬುಡ ಬಿಳಿಚಿಕೊಂಡಿತು, ಆದರೆ ಕೈಯ ಹಿಂಬದಿಯಲ್ಲಿ ಲಾಡಿಯಂಥದ್ದೊಂದು ಇಳಿಯತೊಡಗಿತು. ಅದು ಅಂಗಿಯಂತಿರಲಿಲ್ಲ. ಹಗ್ಗದಂತೆಯೂ ಇರಲಿಲ್ಲ. ದಪ್ಪಗೆ, ಜಾಳಾಗಿ, ಜಗ್ಗಿದರೆ ಉದ್ದವಾಗಿ, ಬಿಟ್ಟರೆ ಕುಗ್ಗುವ ಏನೋ ಒಂದು.

“ಇದು ಸರಿ ಐತೋ ತಪ್ಪೈತೋ?” ಎಂದು ಹನುಮಂತಪ್ಪನನ್ನು ಕೇಳಿದಳು.

“ನನ್ನ ಕೇಳ್ತಿಯಲ್ಲ. ಮೊದಲಿನದು ಹೆಂಗಿತ್ತು ಅಂತ ಗೊತ್ತಿದ್ರ ಹೇಳಬಹುದಿತ್ತು.”

ಲಾಡಿಯನ್ನು ಸುರುಳಿಯಾಗಿ ಸುತ್ತಿ ಅಂಚಿಗೆ ಅಂಚು ಹೊಲಿದಾಗ ತೋಳಿನ ಆಕಾರ ಬಂತು. ಹಳೆಯ ಎಳೆ ನಡುವೆಯೇ ಮುಗಿದುಹೋಯಿತು, ಕೆಳಗಿನ ಭಾಗಕ್ಕೆ ಮುದಿಯಪ್ಪನ ಕರಿ ಉಣ್ಣೆ ಸೇರಿಸಿದಳು. ಅಂಗಿಯಲ್ಲಿ ಉಳಿದಿದ್ದ ಮೇಲ್ತೋಳಿನ ಕುಣಿಕೆಗಳನ್ನು ಒಂದೊಂದಾಗಿ ದಾರದಲ್ಲಿ ಹಿಡಿದು ಹಳೆಯ ಇಳಕಲ್ ಸೀರೆಯ ಪಟ್ಟಿಯೊಂದಕ್ಕೆ ಹೊಲಿದು ಬಂದೋಬಸ್ತು ಮಾಡಿದಳು. ಆದರೆ ಹೊಸ ತೋಳನ್ನು ಅದಕ್ಕೆ ಜೋಡಿಸಿದರೆ ಒಂದು ಇನ್ನೊಂದನ್ನು ಜಗ್ಗಿ ಭುಜವೇ ಸೊಟ್ಟಗಾಗುತ್ತಿತ್ತು. ಹೊಲಿದು ಬಿಚ್ಚಿ, ಹೊಲಿದು ಬಿಚ್ಚಿ ಸಾಕಾಗಿ, ಪಟ್ಟಿಯ ಸುತ್ತ ಗಡಿಗೆಯಲ್ಲಿದ್ದ ಗುಂಡಿಗಳನ್ನು ಹೊಲಿದು, ಹೊಸ ತೋಳಿನ ಬಾಯಿಯ ಕುಣಿಕೆಗಳನ್ನು ಅವಕ್ಕೆ ಸಿಕ್ಕಿಸಿದಳು. ಹಿತ್ತಾಳೆಯದೊಂದು, ಎಲುಬಿನದೊಂದು, ಕೈಗೆ ಸಿಕ್ಕಂತೆ. ಅಂಗಿ ಆಗ ಸರಿಯಾಗಿ ಜೋತುಬಿತ್ತು. ನೋಡಲು ಮಾತ್ರ ಯಾರದೋ ಅಂಗಿಗೆ ಇನ್ಯಾರದೋ ಕೈ ಬಂದಂತಿತ್ತು.

ಅದನ್ನು ಕೊಡಲು ಹೋದಾಗ ಟಿಪ್ಪುಸಾಬ ಅಂಗಳದಲ್ಲಿ ಗೋಡೆಗೆ ಒರಗಿ ಕೂತಿದ್ದ. ಅದು ಜ್ವರವಿಲ್ಲದ ದಿನ. ನೂರಸಾಬ ಅಂಗಿ ನೋಡಿ ಬಾಯಿ ತೆರೆದವನು ಮುಚ್ಚಲಿಲ್ಲ.

“ಇದೇನ ತಂಗಿ, ತೂತು ಅಂತ ಕೊಟ್ಟಿದ್ದೆ...”

ದುರಗಮ್ಮ ನಡೆದದ್ದನ್ನೆಲ್ಲ ಹೇಳಿದಳು. ಹೇಳುತ್ತ ಹೇಳುತ್ತ ಎಲ್ಲಿಂದ ಶುರು ಮಾಡಿದೆನೆಂಬುದೇ ಮರೆತು ಮತ್ತೆ ಮೊದಲಿನಿಂದ ಹೇಳಿದಳು. “ಎಳಿ ಕಡೀಲೇ ಇಲ್ಲಣ್ಣಾ. ನಾ ಹರೀಲೂ ಇಲ್ಲ. ಆದ್ರೂ ಹೋತು. ಬೇಕಾದ್ರ ನನ್ನ ಬೈಯಿ.”

ಟಿಪ್ಪುಸಾಬ ಅಂಗಿ ತೊಟ್ಟುಕೊಂಡ. ಬಲತೋಳಿನ ಗುಂಡಿಗಳನ್ನು ಮುಟ್ಟಿ ನೋಡಿದ. ಒಂದನ್ನು ಕಳಚಿದ, ಹಾಕಿದ.

“ಅತ್ತಿ, ಈ ತೋಳ ಯಾಕ ಬಿಚ್ಚಾಕ ಬರತೈತಿ?”

“ಗೊತ್ತಿಲ್ಲಪ್ಪಾ. ಹಂಗ ಆತು.”

ಅವನು ನಕ್ಕ. ಊರಿಗೆ ಬಂದ ಮೇಲೆ ಅವನು ನಕ್ಕದ್ದನ್ನು ನೂರಸಾಬ ನೋಡಿದ್ದು ಅದೇ ಮೊದಲು. ನಗು ನಿಂತ ಮೇಲೆ ಹುಡುಗ ತಲೆ ಕೆಳಗೆ ಹಾಕಿ ಹೇಳಿದ:

“ಖರೇ ಹೇಳ್ತೀನಿ ಅತ್ತಿ, ಇದು ನನ್ನದಲ್ಲ. ಅಲ್ಲೆ ದವಾಖಾನ್ಯಾಗ ನನ್ನ ಬಾಜೂಕ ಒಬ್ಬಾವ ಮಲಗಿದ್ದ. ಅವನ ಭಾಷೆ ನನಗ ಬರ್ತಿರಲಿಲ್ಲ, ನನ್ನದು ಅವಗ ಬರ್ತಿರಲಿಲ್ಲ. ಒಂದಿನ ಮುಂಜಾನೆ ಅವನ ಜಾಗಾ ಖಾಲಿ ಇತ್ತು. ನನಗ ಥಂಡಿ ಅಂತ ನರ್ಸಬಾಯಿ ಅವನ ಈ ಅಂಗೀನ ತೊಡಿಸಿದಳು. ಅವ ಸತ್ತನೋ, ಮನಿಗೆ ಹೋದನೋ, ಯಾರೂ ಹೇಳಲಿಲ್ಲ. ಇದನ್ನ ತೊಟ್ಟಾಗೆಲ್ಲ ನಡುಗಾಂವ ನಾನೋ ಅವನೋ ಅಂತ ತಿಳೀತಿರಲಿಲ್ಲ.”

ನೂರಸಾಬನಿಗೆ ಇದು ಗೊತ್ತಿರಲಿಲ್ಲ. ಅವನು ಮಗನ ಮುಖ ನೋಡಿದ, ದುರಗಮ್ಮನ ಮುಖ ನೋಡಿದ.

“ತೆಗೆದು ಒಗೀಬೇಕಾ ಮತ್ತ?” ಎಂದ.

“ಬ್ಯಾಡಪ್ಪಾ,” ಎಂದ ಟಿಪ್ಪುಸಾಬ, “ಈಗ ಒಂದು ಕೈಯಾದ್ರೂ ನಮ್ಮೂರದ ಐತಿ.”

ಇದು ಹೊಗಳಿಕೆಯೋ, ಬೇಸರವೋ, ಜ್ವರದ ಮಾತೋ ದುರಗಮ್ಮನಿಗೆ ತಿಳಿಯಲಿಲ್ಲ. ಅವಳು ಅವನ ತಲೆಯ ಮೇಲೆ ಕೈಯಿಟ್ಟು, ಮನೆಗೆ ಬಂದಳು. ದಾರಿಯಲ್ಲಿ ಕಣ್ಣಲ್ಲಿ ನೀರು ಬಂತು.

ಬೇಸಿಗೆ ಕಳೆಯುವಷ್ಟರಲ್ಲಿ ಜ್ವರ ತಾನಾಗಿಯೇ ಅವನನ್ನು ಬಿಟ್ಟಿತು. ಅವನು ಗಂಗಾವತಿಗೆ ಹೋಗಿ ಅಕ್ಕಿ ಸಾಗಿಸುವ ಲಾರಿಯೊಂದಕ್ಕೆ ಸೇರಿಕೊಂಡ. ಹೋಗುವಾಗ ಅಂಗಿಯನ್ನೂ ಒಯ್ದ.

ದುರಗಮ್ಮನ ಬೆರಳುಗಳು ಮಾತ್ರ ಸುಮ್ಮನಾಗಲಿಲ್ಲ. ಮುದಿಯಪ್ಪನಲ್ಲಿ ಮಿಕ್ಕ ಉಣ್ಣೆ, ನೂರಸಾಬನ ಗಂಟಿನಲ್ಲಿ ಸಿಕ್ಕ ಹಳೆ ಕಾಲುಚೀಲ, ಮಫ್ಲರು ಏನು ಸಿಕ್ಕರೂ ಬಿಚ್ಚಿ ಲಾಡಿ ಇಳಿಸುತ್ತಿದ್ದಳು. ನಡುನಡುವೆ ಗುಂಡಿ ಪೋಣಿಸಿದ ಆ ಲಾಡಿಗಳು ಎತ್ತುಗಳ ಕೊರಳಿಗೆ, ತೊಟ್ಟಿಲಿನ ಹಗ್ಗಕ್ಕೆ, ಕೂಸುಗಳ ಟೊಪ್ಪಿಗೆಗೆ ಹೋದವು. ಹನುಮಂತಪ್ಪನ ಎತ್ತುಗಳನ್ನು ಕನಕಗಿರಿ ಸಂತೆಯಲ್ಲಿ ನೋಡಿದವರು ಅವನ ಹಿಂದೆಯೇ ಯಲಬುರ್ಗಾಕ್ಕೆ ಬಂದದ್ದೂ ಉಂಟು. ಇದಕ್ಕೆ ಏನನ್ನುತ್ತಾರೆ ಎಂದು ಕೇಳಿದರೆ ಲಾಡಿಯನ್ನು ಜಗ್ಗಿ, ಬಿಟ್ಟು ತೋರಿಸುತ್ತಿದ್ದಳು. ಹೆಂಗಸರು ಕಲಿಸು ಎಂದು ಬಂದು ಕೂತರೆ, “ಹೇಳಾಕ ಬರೂದಿಲ್ಲವಾ, ಕೈ ಕೊಡಿಲ್ಲೆ,” ಎಂದು ಅವರ ಬೆರಳುಗಳಿಗೇ ಕುಣಿಕೆ ತೊಡಿಸಿಬಿಡುತ್ತಿದ್ದಳು.

ಮುಂದೊಂದು ಚಳಿಗಾಲದಲ್ಲಿ ಊರಿಗೆ ಹೊಸದಾಗಿ ಬಂದ ಅಧಿಕಾರಿಯೊಬ್ಬರ ಮನೆಗೆ ಅವಳು ಕೌದಿ ಕೊಡಲು ಹೋಗಿದ್ದಳು. ಹೈದರಾಬಾದ್ ಕಡೆಯ ಅವರ ಹೆಂಡತಿ ಜಗುಲಿಯಲ್ಲಿ ಎರಡು ಉದ್ದನೆಯ ಕಡ್ಡಿ ಹಿಡಿದು ಕೂತಿದ್ದರು. ಕಡ್ಡಿಗಳ ತುದಿಗಳು ಒಂದನ್ನೊಂದು ಕುಟುಕುತ್ತಿದ್ದವು, ಕೆಳಗೆ ಅಂಥದ್ದೇ ಬಟ್ಟೆ ಬೆಳೆಯುತ್ತಿತ್ತು. ದುರಗಮ್ಮ ಕೌದಿಯನ್ನು ಇಟ್ಟು ಆ ಕಡ್ಡಿಗಳ ಎದುರೇ ಕೂತಳು. ಆ ತಾಯಿ ಉರ್ದುವಿನಲ್ಲಿ ಏನೋ ಕೇಳಿದರು. ಇವಳು ಎಡಗೈ ಚಾಚಿ, ಎಳೆ ಕೇಳಿ ಪಡೆದು, ತನ್ನ ರೀತಿ ತೋರಿಸಿದಳು. ಆಕೆ ಅಚ್ಚರಿಯಿಂದ ನೋಡಿ, ಕಡ್ಡಿಗಳನ್ನು ಇವಳ ಕೈಗೆ ಕೊಟ್ಟರು. ದುರಗಮ್ಮ ಹಿಡಿದ ತಕ್ಷಣ ಕುಣಿಕೆಗಳೆಲ್ಲ ಉದುರಿದವು. ಇಬ್ಬರೂ ಬಗ್ಗಿ ಅವನ್ನು ಹೆಕ್ಕತೊಡಗಿದರು, ಇಬ್ಬರ ತಲೆಯೂ ಡಿಕ್ಕಿ ಹೊಡೆಯಿತು.

ಮನೆಗೆ ಬಂದು ಅವಳು ಗಂಡನಿಗೆ ಹೇಳಿದಳು: “ಮನಷ್ಯಾರ ಮಾಡ್ತಾರ್ರಿ ಅದನ್ನ. ಎರಡು ಕಡ್ಡಿಲಿಂದ. ನಾ ಕಣ್ಣಾರೆ ನೋಡಿದೆ.”

“ಹಂಗಾದ್ರ ನಿನಗ ಈಗ ತಿಳೀತಲ್ಲ?”

“ತಿಳೀತು ಅಂತ ಅನಸ್ತು. ಮನಿ ಬಾಗಲಾ ದಾಟೂತಲೆ ಮರತು ಹೋತು. ಎಳಿ ಮ್ಯಾಲಿಂದ ಬರತಿತ್ತೋ, ಹಿಂದಿನಿಂದ ಬರತಿತ್ತೋ...”

ಎರಡು ಸಲ ಅವಳು ತೊಗರಿಕಟ್ಟಿಗೆಯನ್ನು ಕೆತ್ತಿ ಕಡ್ಡಿ ಮಾಡಿಕೊಂಡು ಪ್ರಯತ್ನಿಸಿದಳು. ಆಗಲಿಲ್ಲ. ಆ ಅಧಿಕಾರಿಗೆ ಬೇಗನೆ ವರ್ಗವಾಯಿತು, ಇನ್ನೊಮ್ಮೆ ಕೇಳಿ ನೋಡುವ ಅವಕಾಶ ಸಿಗಲಿಲ್ಲ. ಕಡ್ಡಿಗಳನ್ನು ಒಲೆಗೆ ಹಾಕಿ ಅವಳು ಬೆರಳಿನಲ್ಲೇ ಲಾಡಿ ಇಳಿಸುತ್ತ ಉಳಿದಳು. ಒಮ್ಮೊಮ್ಮೆ ನಡುವೆ ಕೈ ನಿಲ್ಲಿಸಿ, ತಾನೇ ಕಟ್ಟಿಕೊಂಡ ಕುಣಿಕೆಗಳ ಕಡೆ ಹುಬ್ಬು ಗಂಟಿಕ್ಕಿ ಬಹಳ ಹೊತ್ತು ನೋಡುತ್ತಿದ್ದಳು, ಆಮೇಲೆ ಮುಂದಿನ ಬೆರಳಿಗೆ ಹೋಗುತ್ತಿದ್ದಳು.